ಇನ್ವರ್ಟರ್ ಬ್ಯಾಟರಿ ಬದಲಿಸಿದ ಲೆಕ್ಕ: ಕೊಡವೂರಿನ ಮನೆ, ನಾಲ್ಕು ಭಾನುವಾರ

ಏಪ್ರಿಲ್ ಕೊನೆಯ ವಾರ ಒಂದು ಸಂಜೆ ಗುಡುಗಿತು, ಕರೆಂಟು ಹೋಯಿತು. ಇನ್ವರ್ಟರ್ ಹನ್ನೊಂದು ನಿಮಿಷ ಎಳೆದು, ಕುಂಯ್ ಎಂದು ನಿಂತಿತು. ಓಡುತ್ತಿದ್ದದ್ದು ಎರಡು ಫ್ಯಾನು, ನಾಲ್ಕು ಬಲ್ಬು, ವೈಫೈ ಪೆಟ್ಟಿಗೆ ಮಾತ್ರ. ಮಳೆಗಾಲ ಇನ್ನೂ ಹತ್ತಿರವೂ ಬಂದಿರಲಿಲ್ಲ. ಮಲ್ಪೆ ಕಡಲಿನಿಂದ ಎರಡು ಮೂರು ಕಿಲೋಮೀಟರ್ ಒಳಗಿನ ನಮ್ಮಂಥ ಮನೆಗಳಲ್ಲಿ ಜೂನ್ ಬಂತೆಂದರೆ ತೆಂಗಿನ ಮಡಲು ಲೈನಿನ ಮೇಲೆ ಬೀಳುವುದು ಹೊಸ ಸುದ್ದಿಯಲ್ಲ. ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಗ್ಗೆ ಲೈನ್‌ಮನ್ ಏಣಿ ಹಿಡಿದುಕೊಂಡು ಬಂದ ಮೇಲೆಯೇ ಬರುವುದು.

"ಈ ಸಲ ದೊಡ್ಡದೇ ತಂದುಬಿಡು, ಪದೇ ಪದೇ ರಗಳೆ ಬೇಡ" ಎಂದರು ಅಮ್ಮ. ನನ್ನ ತಲೆಯಲ್ಲೂ 220 ಎಎಚ್‌ನ ಬ್ಯಾಟರಿಯೇ ಇತ್ತು (ಎಎಚ್ ಎಂದರೆ ಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ಹಿಡಿಸುತ್ತದೆ ಎಂಬ ಅಳತೆ). ಕೊನೆಗೆ ತಂದದ್ದು ಹಳೆಯದರಷ್ಟೇ ದೊಡ್ಡದು, 150 ಎಎಚ್. ನಡುವೆ ನಡೆದದ್ದನ್ನು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದೆ, ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಭಾನುವಾರ: ಸತ್ತದ್ದು ಯಾಕೆ?

ಬ್ಯಾಟರಿ ಇದ್ದದ್ದು ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿ. ಬಾಗಿಲು ತೆಗೆದರೆ ಬ್ಯಾಟರಿಯ ತಲೆಯ ಮೇಲೆ ಎಳ್ಳೆಣ್ಣೆ ಬಾಟಲಿ, ಬತ್ತಿಯ ಡಬ್ಬಿ, ಕರ್ಪೂರ, ಬೆಂಕಿಪೊಟ್ಟಣ. ಪಕ್ಕದ ಗೋಡೆಯ ಆಚೆಗೆ ದೇವರ ಕೋಣೆಯಾದ್ದರಿಂದ ಅಮ್ಮನಿಗೆ ಅದು ಕೈಗೆಟುಕುವ ಜಾಗ. ಈ ಕಪಾಟಿನ ವಿಚಾರಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ನನ್ನ ಮೈ ಜುಂ ಎಂದದ್ದು ಅದೊಂದಕ್ಕೇ.

ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೈಯ ಉಂಗುರ ತೆಗೆದಿಟ್ಟು ಕೂತೆ. ಉಂಗುರದ ಮಾತು ಶೋಕಿಗಲ್ಲ. ಹನ್ನೆರಡು ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಇಷ್ಟು ದೊಡ್ಡ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಲೋಹ ಸಿಕ್ಕಿಬಿದ್ದರೆ ಸಾವಿರಕ್ಕೂ ಮೀರಿದ ಆಂಪಿಯರ್ ಹರಿಯಬಹುದು, ಉಂಗುರ ಕೆಂಪಗೆ ಕಾಯುವುದಕ್ಕೆ ಸೆಕೆಂಡು ಸಾಕು. ಸ್ಪ್ಯಾನರಿಗೂ ಹಿಡಿಯಷ್ಟು ಉದ್ದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಟರ್ಮಿನಲ್‌ನಲ್ಲಿ ಹಸಿರು ಹಿಟ್ಟು ಹೂಕೋಸಿನಂತೆ ಅರಳಿತ್ತು. ಬಿಚ್ಚುವ ಮೊದಲೇ ಒಂದು ಅಳತೆ ತೆಗೆದುಕೊಂಡಿದ್ದೆ: ಫ್ಯಾನು ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೀಸದ ಗೂಟಕ್ಕೆ, ಇನ್ನೊಂದನ್ನು ಅದಕ್ಕೇ ಬಿಗಿದ ಕೇಬಲ್ ತುದಿಯ ಲಗ್ಗಿಗೆ ಹಿಡಿದೆ. ಸೊನ್ನೆ ಇರಬೇಕಾದಲ್ಲಿ 0.35 ವೋಲ್ಟ್. ಇಪ್ಪತ್ತು ಆಂಪಿಯರಿಗೆ ಏಳು ವಾಟ್, ಆ ಒಂದೇ ಜೋಡಣೆಯಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಬಿಸಿನೀರಿನಲ್ಲಿ ಅಡುಗೆ ಸೋಡಾ ಹುಡಿ ಕಲಸಿ ಬ್ರಷ್ಷಿನಿಂದ ತೊಳೆದೆ, ಬುಸಬುಸ ಎಂದು ನೊರೆ ಬಂತು. ಸೆಲ್‌ಗಳ ಮುಚ್ಚಳ ಹಾಕಿಕೊಂಡೇ ತೊಳೆಯಬೇಕು, ಸೋಡಾ ಒಳಗೆ ಹೋದರೆ ಆಸಿಡ್ ಕೆಟ್ಟಿತು.

ಆಮೇಲೆ ಕನ್ನಡಕ, ರಬ್ಬರ್ ಗ್ಲೌಸ್, ಹಳೆಯ ಶರ್ಟು. ಹಿಂದೊಮ್ಮೆ ಮುಂಡು ಉಟ್ಟುಕೊಂಡೇ ನೀರು ಹಾಕಿದ್ದೆ, ಆಗ ಏನೂ ಕಾಣಲಿಲ್ಲ. ಒಗೆದು ಒಣಗಲು ಹಾಕಿದಾಗ ಜರಡಿ ಆಗಿತ್ತು.

ಬ್ಯಾಟರಿಯೊಳಗೆ ಆರು ಸೆಲ್, ಎಂದರೆ ಆರು ಕೋಣೆ, ಒಂದೊಂದಕ್ಕೂ ನೀರಿನ ಮಟ್ಟ ತೋರಿಸುವ ಫ್ಲೋಟ್. ಎಲ್ಲ ಫ್ಲೋಟುಗಳೂ ನೀರು ಸಾಕಷ್ಟು ಇದೆ ಎಂದೇ ತೋರಿಸುತ್ತಿದ್ದವು. ಮೂರನೆಯದನ್ನು ಬೆರಳಿಂದ ಒತ್ತಿದೆ. ಅಲುಗಲಿಲ್ಲ. ಧೂಳು, ಎಣ್ಣೆಜಿಡ್ಡು ಕೂತು ಕಡ್ಡಿ ಕೊಳವೆಯಲ್ಲೇ ಕಚ್ಚಿಕೊಂಡಿತ್ತು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಪ್ಲೇಟುಗಳ ತಲೆ ಒಣಗಿ ಬೆಳ್ಳಗಾಗಿದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ ಗಾಳಿಯನ್ನೇ ಎಳೆಯಿತು. ಆ ಸೆಲ್ಲಿಗೆ ಮುಕ್ಕಾಲು ಲೀಟರ್ ಬ್ಯಾಟರಿ ನೀರು ಹಿಡಿಯಿತು. ಅಂದರೆ ನಾನು ಉಳಿದ ಐದಕ್ಕೆ ಹಾಕುತ್ತ, ಇದಕ್ಕೆ ವರ್ಷಗಟ್ಟಲೆ ಹಾಕಿರಲೇ ಇಲ್ಲ. ಫ್ಲೋಟ್ ಮೇಲಿದೆಯಲ್ಲ, ಸಾಕು ಎಂದುಕೊಂಡಿದ್ದೆ.

ಇನ್ನೊಂದು ತಪ್ಪು ಇನ್ವರ್ಟರಿನ ಬೆನ್ನ ಮೇಲಿತ್ತು. ಬ್ಯಾಟರಿಯ ಜಾತಿ ಆರಿಸುವ ಪುಟ್ಟ ಸ್ವಿಚ್ಚು, ಟ್ಯೂಬುಲರ್ (ನಮ್ಮದರಂತೆ ನೀರು ಹಾಕುವ ಜಾತಿ) ಇರಬೇಕಾದಲ್ಲಿ ನೀರು ಬೇಡದ ಮುಚ್ಚಿದ ಜಾತಿಯಾದ ಎಸ್‌ಎಂಎಫ್ ಕಡೆಗೆ ತಿರುಗಿತ್ತು. ಕೂರಿಸಿಕೊಟ್ಟವರು ಹಾಗೆ ಬಿಟ್ಟುಹೋದರೋ, ಗುಡಿಸುವಾಗ ಯಾರ ಕೈ ತಾಗಿತೋ, ಆರು ವರ್ಷದ ಮೇಲೆ ವಿಚಾರಣೆ ಮಾಡಿ ಪ್ರಯೋಜನವಿಲ್ಲ. ಚಾರ್ಜ್ ಆಗುವಾಗ 13.7 ವೋಲ್ಟಿಗೇ ನಿಲ್ಲುತ್ತಿತ್ತು. ಸ್ವಿಚ್ ಬದಲಿಸಿದಾಗ 14.4ರ ತನಕ ಏರಿತು. ಹೊಟ್ಟೆ ತುಂಬ ಉಣ್ಣದ ಬ್ಯಾಟರಿಯಲ್ಲಿ ಸೀಸದ ಸಲ್ಫೇಟು ಪ್ಲೇಟಿನ ಮೇಲೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ.

ಎರಡು ದಿನ ಸರಿಯಾದ ಚಾರ್ಜ್ ಕೊಟ್ಟು ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ಆಸಿಡ್ ಎಷ್ಟು ಪಟ್ಟು ಭಾರ ಎಂಬ ಅಂಕಿ) ನೋಡಿದೆ. ಐದು ಸೆಲ್‌ಗಳು 1.220ರಿಂದ 1.230. ಮೂರನೆಯದು 1.130. ಸೆಲ್ಲಿಂದ ಸೆಲ್ಲಿಗೆ 0.050ರಷ್ಟು ಅಂತರ ಬಂದರೇ ಚಿಂತೆಯ ಮಾತು, ಇಲ್ಲಿ ಅದರ ಎರಡು ಪಟ್ಟು. ಲೋಡ್ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ 10.7 ವೋಲ್ಟಿಗೆ ಕುಸಿಯಿತು. ಸೆಲ್‌ಗಳು ಸರಪಳಿಯಂತೆ ಕೂಡಿಕೊಂಡಿರುವುದರಿಂದ ಒಂದು ಮಲಗಿದರೆ ಉಳಿದ ಐದರ ಶಕ್ತಿ ಉಪಯೋಗಕ್ಕೆ ಬರುವುದಿಲ್ಲ. ಆಸಿಡ್ ಸುರಿದು ಗ್ರ್ಯಾವಿಟಿ ಏರಿಸಬಹುದಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಏರುವುದು ಹೈಡ್ರೋಮೀಟರಿನ ಅಂಕಿ ಮಾತ್ರ. ಕಳೆದುಹೋದ ಆಸಿಡ್ ಪ್ಲೇಟಿನ ಒಳಗೇ ಸಲ್ಫೇಟಾಗಿ ಕೂತಿದೆ, ಮೇಲಿಂದ ಮತ್ತೆ ಸುರಿದರೆ ಪ್ಲೇಟು ಇನ್ನಷ್ಟು ಬೇಗ ತಿಂದುಹೋಗುತ್ತದೆ. ಮೇಲಿಂದ ಹಾಕಲಿಕ್ಕಿರುವುದು ನೀರು ಮಾತ್ರ.

ಎರಡನೇ ಭಾನುವಾರ: ಮಲ್ಪೆ

ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವ ಅಣ್ಣ ಒಬ್ಬರಿದ್ದಾರೆ, ನಮ್ಮ ಹಳೆಯ ಪರಿಚಯ. ನಾನು 220ರ ಮಾತೆತ್ತಿದೊಡನೆ ಕೇಳಿದರು: "ಎಂತಕ್ಕೆ ಮಾರಾಯ? ಮನೆಯಲ್ಲಿ ಐಸ್ ಪ್ಲಾಂಟ್ ಉಂಟಾ?"

ಅವರ ಶೆಡ್ಡಿನಲ್ಲಿ ಎರಡು ಪ್ಲೇಟುಗಳಿದ್ದವು, ಮೊದಲೇ ತೊಳೆದು ಒಣಗಿಸಿದ್ದು. ಒಂದು ಬೋಟಿನ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯದು: ತೆಳ್ಳಗೆ ಹಪ್ಪಳದಂತೆ, ತುಂಬ ಪ್ಲೇಟು, ತುಂಬ ಮೈ. ಎಂಜಿನ್ ತಿರುಗಿಸಲು ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕಸುಬು. ಇನ್ನೊಂದು ಟ್ಯೂಬುಲರ್: ಪೆನ್ಸಿಲ್‌ಗಳನ್ನು ಸಾಲಾಗಿ ನಿಲ್ಲಿಸಿ ಅಂಟಿಸಿದ ಹಾಗೆ. ನಡುವೆ ಸೀಸದ ಕಡ್ಡಿ, ಸುತ್ತ ಸೀಸದ ಆಕ್ಸೈಡಿನ ಹುಡಿ, ಅದರ ಮೇಲೆ ನೇಯ್ದ ಚೀಲ. ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿನ ಹುಡಿ ಉಬ್ಬುತ್ತದೆ, ತುಂಬುವಾಗ ಕುಗ್ಗುತ್ತದೆ. ಆಳಕ್ಕೆ ಇಳಿಸಿ ಏರಿಸುತ್ತಿದ್ದರೆ ಹಪ್ಪಳದ ಪ್ಲೇಟಿನಿಂದ ಹುಡಿ ಉದುರಿ ತಳ ಸೇರುತ್ತದೆ. ಚೀಲದೊಳಗಿನದು ಎಲ್ಲಿಗೂ ಹೋಗುವುದಿಲ್ಲ. ಡೀಪ್ ಸೈಕಲ್ ಎನ್ನುವುದರ ಗುಟ್ಟು ಇಷ್ಟೇ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಆಸಿಡ್ಡಿನಲ್ಲಿ ಅದ್ದಿದ ಮೇಲೆ ರಸಾಯನ ಬದಲಾಗಿಲ್ಲ, ಸೀಸ ಉದುರದಂತೆ ಹಿಡಿದಿಡುವ ಉಪಾಯಗಳು ಬದಲಾಗಿವೆ.

ಇದು ನನಗೆ ಕಿಸೆಯಿಂದ ಕಲಿತ ಪಾಠವೂ ಹೌದು. ಈಗ ಸತ್ತ ಬ್ಯಾಟರಿಗೂ ಮುಂಚೆ, ಸಸ್ತಾ ಎಂದು ಲಾರಿ ಬ್ಯಾಟರಿ ತಂದು ಇನ್ವರ್ಟರಿಗೆ ಹಾಕಿದ್ದೆ. ಹದಿನಾಲ್ಕು ತಿಂಗಳು ಬಾಳಿತು.

"ಲೇಬಲ್ಲಿನಲ್ಲಿ ಸಿ10 ಬರೆದಿದೆಯಾ ಸಿ20 ಬರೆದಿದೆಯಾ, ಅದು ನೋಡು. ದೊಡ್ಡ ಅಕ್ಷರದ 150 ಎಲ್ಲರಿಗೂ ಕಾಣ್ತದೆ" ಎಂದರು ಅಣ್ಣ. ಸಿ20ರ 150 ಎಂದರೆ 7.5 ಆಂಪಿಯರಿನಂತೆ ಇಪ್ಪತ್ತು ಗಂಟೆ. ಸಿ10ರ 150 ಎಂದರೆ 15 ಆಂಪಿಯರಿನಂತೆ ಹತ್ತು ಗಂಟೆ. ಜೋರಾಗಿ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತ ಇಳಿಯುತ್ತದೆ. ಸಿ20ರಲ್ಲಿ 150 ಎನಿಸಿಕೊಂಡದ್ದು ಸಿ10ರ ವೇಗದಲ್ಲಿ 125ರ ಆಸುಪಾಸು ಅಷ್ಟೇ. ಪಕ್ಕಪಕ್ಕ ಇಟ್ಟ ಎರಡು ಬ್ಯಾಟರಿಗೆ ಒಂದೇ ಅಂಕಿ, ಬೆಲೆಯಲ್ಲಿ ವ್ಯತ್ಯಾಸ ಇದ್ದರೆ ಮೊದಲು ಈ ಸಣ್ಣ ಅಕ್ಷರ ನೋಡಬೇಕು, ಆಮೇಲೆ ತೂಕ. ಸೀಸ ಕಡಿಮೆ ಇದ್ದಲ್ಲಿ ತೂಕವೂ ಕಡಿಮೆ.

ಮೂರನೇ ಭಾನುವಾರ: ಕಾಗದ, ಪೆನ್ಸಿಲ್

ನಮ್ಮ ರಾತ್ರಿಯ ಲೋಡು: ಹಳೆಯ ಫ್ಯಾನು ಎರಡು, ತಲಾ 75 ವಾಟ್. ಒಂಬತ್ತು ವಾಟಿನ ಎಲ್‌ಇಡಿ ನಾಲ್ಕು. ವೈಫೈಗೆ ಹತ್ತು. ಒಟ್ಟು ಹೆಚ್ಚುಕಮ್ಮಿ 200. ಇನ್ವರ್ಟರ್ ತನ್ನ ಪಾಲು ನುಂಗುತ್ತದೆ, ಅದಕ್ಕೆ ಐದರಲ್ಲೊಂದು ಭಾಗ ಹಿಡಿದರೆ ಬ್ಯಾಟರಿಯಿಂದ 250 ವಾಟ್. ಹನ್ನೆರಡರಿಂದ ಭಾಗಿಸಿದರೆ 21 ಆಂಪಿಯರ್. ನಾಲ್ಕು ಗಂಟೆಗೆ 84 ಎಎಚ್, 150ರಲ್ಲಿ ಅರ್ಧಕ್ಕಿಂತ ಹೆಚ್ಚು. ಅರ್ಧದೊಳಗೇ ಮುಗಿಸಿದರೆ ಬ್ಯಾಟರಿ ಬಹುಕಾಲ ಬಾಳುತ್ತದೆ. ಹಾಗಾದರೆ 220 ಸರಿಯಲ್ಲವೇ?

ಅಲ್ಲ. ತೆಗೆದದ್ದನ್ನು ತುಂಬಬೇಕಲ್ಲ. ತುಂಬುವಾಗ ತೆಗೆದದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚೇ ಕೊಡಬೇಕು. ನನ್ನ ಇನ್ವರ್ಟರಿನ ಚಾರ್ಜರ್ ಕೊಡುವುದು ಹನ್ನೆರಡು ಆಂಪಿಯರ್. 220ರ ಬ್ಯಾಟರಿಗೆ ಅದರ ಹತ್ತನೇ ಒಂದು ಪಾಲು, ಅಂದರೆ 22 ಆಂಪಿಯರ್ ಇದ್ದರೆ ಚೆಂದ. ಜುಲೈಯಲ್ಲಿ ಕರೆಂಟು ಬಂದು ಹೋಗಿ ಆಡುವಾಗ ಹನ್ನೆರಡು ಆಂಪಿಯರಿನ ಸಣ್ಣ ಸೌಟಿನಲ್ಲಿ ಅಷ್ಟು ದೊಡ್ಡ ಹಂಡೆ ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲೇ ಮಲಗುತ್ತದೆ, ಮತ್ತದೇ ಸಲ್ಫೇಟು. ನಾನು ಈಗಷ್ಟೇ ಒಂದನ್ನು ಹಾಗೆ ಕೊಂದಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಕಡಿಮೆ ಕರೆಂಟು ಎಳೆಯುವ ಮೋಟರಿನ ಎರಡು ಬಿಎಲ್‌ಡಿಸಿ ಫ್ಯಾನು ತಂದು ಹಾಕಿದೆ, ತಲಾ 30 ವಾಟ್. ಲೆಕ್ಕ ಮತ್ತೆ ಮಾಡಿದೆ: 106 ವಾಟ್, ಬ್ಯಾಟರಿಯಿಂದ 11 ಆಂಪಿಯರ್, ನಾಲ್ಕು ಗಂಟೆಗೆ 44 ಎಎಚ್. 84 ಇದ್ದದ್ದು 44. ಯಾವ ದೊಡ್ಡ ಬ್ಯಾಟರಿಯೂ ಮಾಡದ ಕೆಲಸವನ್ನು ಎರಡು ಫ್ಯಾನು ಮಾಡಿದವು. ಅಮ್ಮನಿಗೆ ಈ ಲೆಕ್ಕದಲ್ಲಿ ನಂಬಿಕೆ ಬರಲಿಲ್ಲ, ಗಾಳಿ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂಬುದಷ್ಟೇ ಅವರ ಪರೀಕ್ಷೆ. ಪಾಸಾಯಿತು.

ಲಿಥಿಯಂ ಯೋಚಿಸಿದ್ದೆ. ಹಗುರ, ನೀರು ಬೇಡ, ಆದರೆ ಈ ಹಳೆಯ ಇನ್ವರ್ಟರಿನ ಚಾರ್ಜರ್ ಅದಕ್ಕೆ ಹೊಂದುವುದಿಲ್ಲ, ಎರಡೂ ಬದಲಿಸಬೇಕು. ಬೇಡವೆಂದು ಬಿಟ್ಟೆ. ಸಿ10ರಲ್ಲಿ 150 ಎಎಚ್, ಎತ್ತರದ ಟ್ಯೂಬುಲರ್, ತಯಾರಾದ ತಿಂಗಳು ನೋಡಿ ತೆಗೆದುಕೊಂಡದ್ದು. ಮಾರಾಟವಾಗದೆ ಮೂಲೆಯಲ್ಲಿ ಎಂಟು ತಿಂಗಳು ಕೂತದ್ದು ಬಂದರೆ ಕೂತಲ್ಲೇ ಅದರ ಆಯುಸ್ಸು ಸವೆದಿರುತ್ತದೆ.

ಹಳೆಯದನ್ನು ಅಂಗಡಿಯವರಿಗೇ ಎಕ್ಸ್‌ಚೇಂಜ್ ಕೊಟ್ಟೆ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಿದ್ದ, "ಆಸಿಡ್ ಇಲ್ಲೇ ಚೆಲ್ಲಿ ಕೊಡಿ, ಹಗುರಾಗ್ತದೆ" ಎಂದ. ಚೆಲ್ಲಲಿಕ್ಕೆ ಜಾಗ ಎಂದರೆ ಹಿತ್ತಲು, ಹಿತ್ತಲಿನಿಂದ ಹತ್ತು ಮೀಟರ್ ದೂರಕ್ಕೆ ನಮ್ಮ ಬಾವಿ. ಅಡಿಯಲ್ಲಿ ಇರುವುದು ಮುರಕಲ್ಲು, ತೂತು ತೂತು. ಸೀಸ ಕರಗಿದ ಆಸಿಡ್ ಒಂದು ಮಳೆಗೆ ಬಾವಿಯಲ್ಲಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಸೇರಿಸಿ ಕರಗಿಸುವ ಹೊಣೆ ತಯಾರಕರದ್ದೇ. ಅಂಗಡಿಯ ಟೆಂಪೋದಲ್ಲಿ ನೆಟ್ಟಗೆ ನಿಲ್ಲಿಸಿ ಕಳಿಸಿದೆ.

ನಾಲ್ಕನೇ ಭಾನುವಾರ: ಬೆಂಕಿ ಇಲ್ಲದ ಮೂಲೆ

ಈಗ ಕಪಾಟಿನ ವಿಚಾರ. ಬ್ಯಾಟರಿ ತುಂಬುತ್ತ ಬಂದು 14 ವೋಲ್ಟ್ ದಾಟಿದ ಮೇಲೆ ಒಳಗೆ ಹೋಗುವ ಕರೆಂಟು ನೀರನ್ನು ಒಡೆಯತೊಡಗುತ್ತದೆ: ಹೈಡ್ರೋಜನ್, ಆಮ್ಲಜನಕ. ಪೂರ್ತಿ ತುಂಬಿದ ಮೇಲೂ ಹೋಗುವ ಪ್ರತಿ ಆಂಪಿಯರ್-ಗಂಟೆಗೆ ಒಂದು ಸೆಲ್ಲಿನಿಂದ ಹೆಚ್ಚುಕಮ್ಮಿ 0.42 ಲೀಟರ್ ಹೈಡ್ರೋಜನ್. ಎರಡು ಆಂಪಿಯರ್ ಹರಿಯುತ್ತಿದ್ದರೆ ಆರು ಸೆಲ್ ಸೇರಿ ಗಂಟೆಗೆ ಐದು ಲೀಟರ್. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಆದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ಮೆಟ್ಟಿಲ ಕೆಳಗಿನ ಕಪಾಟು ಅಳೆದರೆ ಒಂದು ಘನ ಮೀಟರ್, ಸಾವಿರ ಲೀಟರ್. ನಾಲ್ಕು ಪಾಲು ಎಂದರೆ 40 ಲೀಟರ್, ಎಂಟು ಗಂಟೆ. ಬಾಗಿಲ ಸಂದಿಯಿಂದ ಒಂದಿಷ್ಟು ಸೋರಿರಬಹುದು. ಆದರೆ ಈ ಅನಿಲ ಹಗುರ, ಮೇಲಕ್ಕೇರಿ ಮೆಟ್ಟಿಲಿನ ಇಳಿಜಾರು ತಾರಸಿಗೇ ಅಂಟಿಕೊಳ್ಳುತ್ತದೆ, ವಾಸನೆಯೂ ಇಲ್ಲ. ಅಮ್ಮ ದಿನಾ ಸಂಜೆ ಅಲ್ಲೇ ಬಾಗಿ ಬೆಂಕಿಪೊಟ್ಟಣ ತೆಗೆಯುತ್ತಿದ್ದರು. ಕಡ್ಡಿ ಗೀರುತ್ತಿದ್ದದ್ದು ದೇವರ ಕೋಣೆಗೆ ಹೋದ ಮೇಲೆ, ಅದೊಂದು ಪುಣ್ಯ.

ಬೇರೆ ಜಾಗ ಹುಡುಕಲು ಹೊರಟಾಗ ಗೊತ್ತಾಯಿತು, ಉಡುಪಿಯ ಹಳೆಯ ಮನೆಯಲ್ಲಿ ಮೂಲೆಗೊಂದು ಬೆಂಕಿ ಇದೆ. ಹಿಂಬದಿ ಒಳ್ಳೆಯ ಗಾಳಿ, ಆದರೆ ಅಲ್ಲಿ ಬಚ್ಚಲ ಒಲೆ. ಮುಂದಿನ ಜಗಲಿ ಪಡುವಣಕ್ಕೆ, ಮಳೆಗಾಲದಲ್ಲಿ ಎರಚಲು, ಉಪ್ಪುಗಾಳಿ. ಹೆಂಚಿನ ಅಟ್ಟದಲ್ಲಿ ಏಪ್ರಿಲ್‌ನ ಕಾವಿಗೆ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ, ಹತ್ತು ಡಿಗ್ರಿ ಹೆಚ್ಚಿದರೆ ಅಷ್ಟು. ಉಳಿದದ್ದು ಮೂಡುಗೋಡೆಯ ಕಡೆಯ ಉಗ್ರಾಣ. ಎದುರುಬದುರು ಗೋಡೆಯಲ್ಲಿ, ಮಾಡಿಗೆ ತಾಗಿದಂತೆ ಜಾಲಿಯ ಕಿಂಡಿ ಎರಡಿದ್ದವು, ಗೋಣಿಚೀಲ ತುರುಕಿ ಮುಚ್ಚಿದ್ದು. ತೆಗೆದೆ. ಉಪ್ಪಿನಕಾಯಿ ಭರಣಿಗಳಿಗೆ ಬೇರೆ ಜಾಗ ಕೊಡಿಸಲು ಅರ್ಧ ದಿನ ಸಂಧಾನ ನಡೆಯಿತು.

ಬ್ಯಾಟರಿ ಮಾತ್ರ ದೂರ ಇಟ್ಟು ಇನ್ವರ್ಟರ್ ಹಳೆಯ ಜಾಗದಲ್ಲೇ ಬಿಡೋಣ ಎಂದರು ಎಲೆಕ್ಟ್ರಿಷನ್. ಹನ್ನೆರಡು ವೋಲ್ಟಿನಲ್ಲಿ ಕರೆಂಟು ಹೆಚ್ಚು, ಉದ್ದ ಕೇಬಲ್ಲಿನಲ್ಲಿ ನಷ್ಟವೂ ಹೆಚ್ಚು, ದೂರ ದುಬಾರಿ. ಎರಡನ್ನೂ ಉಗ್ರಾಣಕ್ಕೇ ತಂದು, ದಪ್ಪ ಕೇಬಲ್ ಒಂದು ಮೀಟರಿಗೆ ಮುಗಿಸಿ, 230 ವೋಲ್ಟಿನ ವಯರನ್ನು ಉದ್ದ ಮಾಡಿಸಿದೆ. ಇನ್ವರ್ಟರ್ ಬ್ಯಾಟರಿಯ ನೇರ ಮೇಲೆ ಬೇಡ, ಆಸಿಡ್ ಆವಿಗೆ ಬೋರ್ಡು ಕೊರೆದುಹೋಗುತ್ತದೆ. ಪಕ್ಕದ ಗೋಡೆಗೆ ಹಲಗೆ ಹೊಡೆದು ಕೂರಿಸಿದೆವು.

ಫ್ಯೂಸಿಗೆ ಒಂದು ಚರ್ಚೆ. ಅವರ ಚೀಲದಲ್ಲಿ ಮನೆಯ ಬೋರ್ಡಿಗೆ ಹಾಕುವ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಇತ್ತು, ಅದನ್ನೇ ಪಾಸಿಟಿವ್ ಕೇಬಲ್ಲಿಗೆ ಹಾಕುತ್ತೇನೆಂದರು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಬಿಚ್ಚಿದ ಸ್ವಿಚ್ಚಿನ ಕಿಡಿ ಆಗ ಆರುತ್ತದೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಡಿಸಿಗೆಂದೇ ಮಾಡಿದ 100 ಆಂಪಿಯರ್ ಫ್ಯೂಸ್ ತರಿಸಿ, ಪಾಸಿಟಿವ್ ಗೂಟದಿಂದ ಒಂದು ಗೇಣು ದೂರಕ್ಕೆ, ಸೆಲ್ ಮುಚ್ಚಳಗಳಿಂದ ಬದಿಗೆ ಹಾಕಿಸಿದೆ. ಲಗ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದೆ. ಮೊದಲು ಸವರಿ ಆಮೇಲೆ ಬಿಗಿಯುವವರಿದ್ದಾರೆ, ನಾನು ಬಿಗಿದು ಸವರುವ ಪಕ್ಷ.

ಹೊತ್ತದ್ದು ಇಬ್ಬರು, ಆದರೂ ಸೊಂಟ ಮಾತಾಡಿತು. ಆಸಿಡ್ ತುಂಬಿದ ಈ ಜಾತಿಯದು ಐವತ್ತು ಕಿಲೋಗೂ ಮೇಲೆ. ಓರೆ ಮಾಡುವ ಹಾಗಿಲ್ಲ. ಅಡಿಗೆ ಪ್ಲಾಸ್ಟಿಕ್ ಟ್ರೇ, ಪಕ್ಕದಲ್ಲಿ ಒಂದು ಡಬ್ಬಿ ಸೋಡಾ ಹುಡಿ, ಎರಡು ಬಾಟಲಿ ನೀರು. ಕಣ್ಣಿಗೆ ಹಾರಿದರೆ ಸೋಡಾ ಅಲ್ಲ, ಬರೀ ನೀರು, ಕಾಲು ಗಂಟೆ ಬಿಡದೆ, ಆಮೇಲೆ ಡಾಕ್ಟರು.

ಮರುದಿನ ಒಂದು ಗಾಬರಿ. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಗ್ಗೆ ಬಿಚ್ಚಿ, ಸಂಜೆ ಅಳೆದರೆ 12.5 ವೋಲ್ಟ್. ನನ್ನ ಬಾಯಿಪಾಠದ ಪ್ರಕಾರ ತುಂಬಿದ್ದಕ್ಕೆ 12.7 ಇರಬೇಕು. ಹೊಸದೇ ಮೋಸವಾ ಎಂದು ಮಲ್ಪೆಗೆ ಫೋನು ಮಾಡಿದೆ. "ಗ್ರ್ಯಾವಿಟಿ ಎಷ್ಟುಂಟು?" 1.240, ಆರೂ ಸೆಲ್ಲಿನಲ್ಲಿ. "ಮತ್ತೆಂತ? ಅದಕ್ಕೆ ಅಷ್ಟೇ. ನೀನು ಹೇಳುವುದು ಕಾರಿನ ಬ್ಯಾಟರಿಯದ್ದು." ಗ್ರ್ಯಾವಿಟಿಗೆ 0.845 ಕೂಡಿಸಿದರೆ ಒಂದು ಸೆಲ್ಲಿನ ವೋಲ್ಟ್ ಸಿಗುತ್ತದೆ. ಕಾರಿನದ್ದರಲ್ಲಿ 1.280ರ ಆಸಿಡ್, ಆರು ಸೆಲ್ಲಿಗೆ 12.75. ನನ್ನದರ ಪುಸ್ತಕದಲ್ಲೇ 1.240 ಎಂದಿದೆ, ಆರು ಸೆಲ್ಲಿಗೆ 12.51. ಸೆಖೆಯ ಊರಿಗೆ ತೆಳು ಆಸಿಡ್ ತುಂಬುತ್ತಾರೆ, ಪ್ಲೇಟು ನಿಧಾನಕ್ಕೆ ಸವೆಯಲಿ ಎಂದು.

ಮಳೆಗಾಲದ ಟಿಪ್ಪಣಿ

ನೀರಿನ ವಿಷಯಕ್ಕೆ ಮನೆಯಲ್ಲಿ ಎರಡು ಪಂಗಡ. ನಮ್ಮ ಬೋರಿನ ನೀರಲ್ಲಿ ಕಬ್ಬಿಣ, ಬಕೆಟ್ಟೇ ಕೆಂಪಾಗುತ್ತದೆ, ಅದು ಬೇಡವೆಂದು ಎಲ್ಲರೂ ಒಪ್ಪಿದರು. ಮಳೆನೀರು ಶುದ್ಧ ಅಲ್ಲವೇ ಎಂದು ಅಮ್ಮ. ಕಡಲ ಗಾಳಿ ತಂದ ಉಪ್ಪು ಅದರಲ್ಲಿರುತ್ತದೆ, ಕ್ಲೋರೈಡ್ ಪಾಸಿಟಿವ್ ಪ್ಲೇಟಿನ ಸೀಸವನ್ನು ತಿನ್ನುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಸುರುಳಿಯ ಧೂಳು, ಲೋಹ ತೊಳೆದುಕೊಂಡೇ ಬರುವುದು. ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ದೊಡ್ಡ ಖರ್ಚೇನೂ ಇಲ್ಲ, ಇದರಲ್ಲಿ ಜಿಪುಣತನ ನನಗೆ ಅರ್ಥವಾಗುವುದಿಲ್ಲ. ಹಾಕುವುದು ಪೂರ್ತಿ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಮುಚ್ಚಳದಿಂದ ಆಸಿಡ್ ಹೊರಬರುತ್ತದೆ.

ಜುಲೈಯ ಒಂದು ರಾತ್ರಿ ಏಳು ಗಂಟೆ ಕರೆಂಟಿರಲಿಲ್ಲ. ಬೆಳಗ್ಗೆ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 12.1 ವೋಲ್ಟ್, ಗ್ರ್ಯಾವಿಟಿ 1.180ರ ಹತ್ತಿರ. ಅರ್ಧ ಖಾಲಿ, ಕಾಗದದ ಲೆಕ್ಕಕ್ಕೆ ಸರಿಯಾಗಿ. ಕರೆಂಟು ಬಂದ ಮೇಲೆ ಸಂಜೆಯ ತನಕ ತುಂಬಿತು. ಅದೇ ಬೆಳಗ್ಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಬಹುದಾ ಎಂದು ಕೇಳಿದರು. 750 ವಾಟ್, ಬ್ಯಾಟರಿಯಿಂದ 78 ಆಂಪಿಯರ್. ಬೇಡ ಎಂದೆ. ಕಡೆಯುವ ಕಲ್ಲು ತೊಳೆದವನು ನಾನೇ.

ತಿಂಗಳ ಮೊದಲ ಭಾನುವಾರ ಆರೂ ಫ್ಲೋಟುಗಳನ್ನು ಬೆರಳಿಂದ ಒತ್ತಿ ಬಿಡುತ್ತೇನೆ, ಪುಟಿದು ಬರಬೇಕು. ಸೆಪ್ಟೆಂಬರಿನಲ್ಲಿ ಮೊದಲ ಸಲ ನೀರು ಹಿಡಿಯಿತು: ಐದು ಸೆಲ್ಲಿಗೆ ನೂರು ಮಿಲಿ ಆಸುಪಾಸು, ನಾಲ್ಕನೆಯದಕ್ಕೆ ನೂರೈವತ್ತು. ಗ್ರ್ಯಾವಿಟಿ ಉಳಿದವುಗಳಂತೆಯೇ ಇದೆ. ನಾಲ್ಕರ ಮುಚ್ಚಳಕ್ಕೆ ಅಕ್ಕನ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದೇನೆ, ಡಿಸೆಂಬರಿನಲ್ಲಿ ಮತ್ತೆ ಅಳೆಯಬೇಕು.